ಸಂಪಾದಕರ ಉತ್ತರ: ಕೈಗುಣದ ಪ್ರಶ್ನೆ

ಪ್ರಿಯ ಸೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಾಲ್ಕು ಪುಟದ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವೂ ಇಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಸಂಕ್ಷಿಪ್ತವಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ.

ಇಷ್ಟು ವರ್ಷ ಹಬ್ಬದ ರಾತ್ರಿ ಊಟವೆಂದರೆ ನಿಮ್ಮ ಅತ್ತೆಯ ಮನೆಯಲ್ಲಿ. ಅವರಿಗೆ ಮಂಡಿನೋವು ಜಾಸ್ತಿಯಾಗಿ ಈ ಸಲ ನೀವೇ ಮಾಡುತ್ತೇನೆಂದು ಒಪ್ಪಿಕೊಂಡಿರಿ. ಒಟ್ಟು ಹದಿಮೂರು ಜನ. ಭಾನುವಾರದ ಊಟ. ಗುರುವಾರ ರಾತ್ರಿ ನಾಲ್ಕು ವರ್ಷದ ಮಗನಿಗೆ ವಾಂತಿ ಶುರುವಾಯಿತು, ಶುಕ್ರವಾರ ಭೇದಿ, ಶನಿವಾರ ಬೆಳಿಗ್ಗೆ ಹುಷಾರು. ಅವನು ಎದ್ದ, ಯಜಮಾನರು ಮಲಗಿದರು. ನೀವು ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಎರಡು ದಿನ ತಳ್ಳಿದಿರಿ. ಭಾನುವಾರ ನಾಲ್ಕು ಗಂಟೆಗೆ ನಿಮಗೂ ಹೊಟ್ಟೆ ತೊಳಸಿತು. ಆಯಾಸವೆಂದುಕೊಂಡು ಒಂದು ಮಾತ್ರೆ ನುಂಗಿದಿರಿ. ಬಂದವರಿಗೆ ಯಾರಿಗೂ ಏನೂ ಹೇಳಲಿಲ್ಲ. ಯಜಮಾನರಿಗೆ 'ಸ್ವಲ್ಪ ತಲೆನೋವು' ಎಂದಿರಿ. ಊಟ ಚೆನ್ನಾಗಿಯೇ ಆಯಿತು. ಸೋಮವಾರ ರಾತ್ರಿ ಹತ್ತಕ್ಕೆ ನಾದಿನಿಯ ಮಗಳಿಗೆ ವಾಂತಿ, ಮಧ್ಯರಾತ್ರಿ ಅತ್ತೆಗೆ, ಮಂಗಳವಾರ ಬೆಳಿಗ್ಗೆ 76 ವರ್ಷದ ದೊಡ್ಡಮಾವನವರಿಗೆ. ಅವರನ್ನು ಒಂದು ದಿನ ಆಸ್ಪತ್ರೆಯಲ್ಲಿಟ್ಟು ಡ್ರಿಪ್ ಹಾಕಿದರು. ಈಗ ಯಾರೋ 'ಅವಳ ಕೈಗುಣ ನೋಡಿ' ಎಂದದ್ದು ಸುತ್ತಿ ಬಳಸಿ ನಿಮ್ಮ ಕಿವಿಗೆ ಬಿದ್ದಿದೆ.

ನನ್ನ ಅಡುಗೆಯಿಂದಲೇ ಆಯಿತಾ, ಈಗಲಾದರೂ ಹೇಳಬೇಕಾ, ಮುಂದಿನ ಸಲ ನಾನು ಮಾಡಬಹುದಾ ಎಂದು ಕೇಳಿದ್ದೀರಿ. ಕೊನೆಯಲ್ಲೊಂದು ಸಣ್ಣ ಪ್ರಶ್ನೆಯೂ ಇದೆ, ಫ್ರೀಜರಿನ ಡಬ್ಬಿಯದು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ವೈದ್ಯನಲ್ಲ. ಈ ಪತ್ರಿಕೆಯ ಆರೋಗ್ಯ ಅಂಕಣವನ್ನು ವರ್ಷಗಟ್ಟಲೆ ತಿದ್ದಿದವನು, ಅಷ್ಟೇ. ಆದರೆ ನೀವು ಗಂಟೆ ಸಮೇತ ಬರೆದಿರುವುದರಿಂದ ಲೆಕ್ಕ ಹಾಕುವುದು ಸುಲಭ. ರಾತ್ರಿ ಎಂಟೂವರೆಗೆ ಊಟಕ್ಕೆ ಕೂತಿರಿ. ಅಡುಗೆ ಹಳಸಿ ವಿಷವಾಗಿದ್ದರೆ ಅದು ಅಷ್ಟು ಹೊತ್ತು ಕಾಯುವ ಜಾತಿಯದಲ್ಲ. ಗಾಯದ ಕೈಯಿಂದಲೋ ಮೂಗು ಮುಟ್ಟಿದ ಕೈಯಿಂದಲೋ ಸೇರುವ ಸ್ಟೆಫೈಲೊಕಾಕಸ್ ಎಂಬ ರೋಗಾಣುವಿನ ವಿಷವಾದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಕೆಲಸ ತೋರಿಸುತ್ತದೆ. ಹೊರಗೇ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ವಾಂತಿಯೂ ಹಾಗೆಯೇ, ಆರು ಗಂಟೆಯೊಳಗೆ. ಹಾಗಾಗಿದ್ದರೆ ಅರ್ಧ ಜನ ಮನೆ ಸೇರುವ ಮುಂಚೆ ದಾರಿಯಲ್ಲೇ ಗಾಡಿ ನಿಲ್ಲಿಸಬೇಕಿತ್ತು. ನಿಮ್ಮವರು ಮಲಗಿದ್ದು ಇಪ್ಪತ್ತೈದರಿಂದ ಮೂವತ್ತಾರು ಗಂಟೆಯ ನಡುವೆ. ಮಗನಿಗೆ ಬಂದು ಒಂದೂವರೆ ದಿನಕ್ಕೆ ಅಪ್ಪನಿಗೆ, ಅಪ್ಪ ಮಲಗಿದ ಮಾರನೆಯ ದಿನ ಅಮ್ಮನಿಗೆ. 12ರಿಂದ 48 ಗಂಟೆಯಲ್ಲಿ ತಗಲಿ, ಒಂದರಿಂದ ಮೂರು ದಿನ ಒದ್ದಾಡಿಸಿ ಹೋಗುವ ಈ ಚಾಳಿ ಹೆಚ್ಚಾಗಿ ನೊರೊವೈರಸ್ಸಿನದು. 1968ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳು, ಮೇಷ್ಟ್ರುಗಳೆಲ್ಲ ಒಟ್ಟಿಗೆ ವಾಂತಿ ಮಾಡಿಕೊಂಡಿದ್ದರು. ವೈರಸ್ಸು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಬಿದ್ದದ್ದು ನಾಲ್ಕು ವರ್ಷದ ನಂತರ. ಹೆಸರು ಆ ಊರಿನದೇ ಉಳಿಯಿತು, ಪಾಪ.

ಹಾಗಾದರೆ ಅದು ನಿಮ್ಮ ಕೈಯಿಂದ ಅಡುಗೆಗೆ ಹೋಯಿತೇ? ಹೋಗಿರಬಹುದು. ಇಲ್ಲ ಎಂದು ಸಮಾಧಾನ ಹೇಳಿದರೆ ಸುಳ್ಳಾದೀತು. ಆದರೆ ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಒಂದು ವಾಕ್ಯವಿದೆ. ಇಡೀ ಪತ್ರದಲ್ಲಿ ಸಂತೋಷದಿಂದ ಬರೆದದ್ದು ಅದೊಂದೇ: 'ಪುಟ್ಟ ತಾನೇ ಮುಂದೆ ಬಂದು ಎಲ್ಲರಿಗೂ ಚಮಚ ಹಂಚಿದ, ದೊಡ್ಡಮಾವ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ತುತ್ತು ತಿನ್ನಿಸಿದರು.' ಆ ವಾಕ್ಯವನ್ನು ನಾನು ಎರಡು ಸಲ ಓದಿದೆ. ಶನಿವಾರ ಬೆಳಿಗ್ಗೆ ಹುಷಾರಾದ ಮಗು ಭಾನುವಾರ ರಾತ್ರಿ ಚಮಚ ಹಂಚಿದ ಎಂದರೆ ನಡುವೆ ಒಂದೂವರೆ ದಿನ. ಈ ರೋಗ ನಿಂತ ಮೇಲೂ ಕನಿಷ್ಠ 48 ಗಂಟೆ ಬೇರೆಯವರಿಗೆ ಅಡುಗೆ ಮಾಡಬಾರದು, ಬಡಿಸಬಾರದು ಎನ್ನುವುದು ವೈದ್ಯರ ಸಾಮಾನ್ಯ ನಿಯಮ. ಅದಾದ ಮೇಲೂ ಎರಡು ವಾರದವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ಮಲದಲ್ಲಿ ವೈರಸ್ಸು ಹೋಗುತ್ತಲೇ ಇರುತ್ತದೆ. ತಗಲಲು ಬೇಕಾದದ್ದು ಕೆಲವೇ ಕಣಗಳು. ನಾಲ್ಕು ವರ್ಷದ ಮಗು ಕಕ್ಕಸಿನಿಂದ ಬಂದು ಕೈ ತೊಳೆಯುವ ಚೆಂದ ನಮಗೆಲ್ಲ ಗೊತ್ತಿರುವುದೇ.

ಮಗುವಿನ ಮೇಲೆ ತಪ್ಪು ಹೊರಿಸಲಿ ಅಂತ ಇದನ್ನು ಹೇಳುತ್ತಿಲ್ಲ. ನಿಮ್ಮ ಕೈಯೋ, ಚಮಚವೋ, ಬಚ್ಚಲುಮನೆಯ ನಲ್ಲಿಯೋ, ಇನ್ನು ಯಾರೂ ಬಿಡಿಸಿ ಹೇಳಲಾರರು. ಕೈಗುಣ ಎನ್ನುವವರಿಗೆ ಇಷ್ಟು ಸಾಕು.

ಇನ್ನು ನಿಮಗೆ ಹಿತವಾಗದ ಮಾತು. ಅಡುಗೆ ಮಾಡಿದ್ದು ನಿಮ್ಮ ತಪ್ಪಲ್ಲ. ವಿಷಯ ಮುಚ್ಚಿಟ್ಟದ್ದು ತಪ್ಪು. 76 ವರ್ಷದವರು 'ಈ ಸಲ ನಾನು ಬರುವುದಿಲ್ಲಮ್ಮ' ಎನ್ನಬಹುದಿತ್ತು. ಹಾಗೆನ್ನಲು ಅವರಿಗೆ ಅವಕಾಶವೇ ಸಿಗಲಿಲ್ಲ.

ಯಾಕೆ ಮುಚ್ಚಿಟ್ಟಿರಿ ಎಂದು ನಾನು ಕೇಳುವುದಿಲ್ಲ, ಯಾಕೆಂದರೆ ನಾನೂ ಅದನ್ನೇ ಮಾಡಿದವನು. ಮದುವೆಯಾದ ಹೊಸತರಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಹಬ್ಬದ ಊಟ. ನನಗೆ 102 ಡಿಗ್ರಿ ಜ್ವರ. ಜ್ವರದ ಮಾತ್ರೆ ನುಂಗಿ, ಬೆವರು ಒರೆಸಿಕೊಂಡು, ನಗುನಗುತ್ತಾ ಬಡಿಸಿದೆ. ಅಡುಗೆ ಮಾಡಿದ್ದು ಹೆಂಡತಿ; ಹೆಗಲಿಗೆ ಟವಲು ಹಾಕಿಕೊಂಡು ಯಜಮಾನಿಕೆ ಮಾಡಿದ್ದು ನಾನು. 'ಮೊದಲ ಸಲವೇ ಮುಂದೂಡಿದರು' ಎಂಬ ಮಾತು ಬರಬಾರದು, ಅಷ್ಟೇ ತಲೆಯಲ್ಲಿದ್ದದ್ದು. ಮೂರನೆಯ ದಿನ ಸೋದರಮಾವ ಹಾಸಿಗೆ ಹಿಡಿದರು. ನೋಡಲು ಹೋದಾಗ ಅವರು ಬೈಯಲಿಲ್ಲ. 'ಜ್ವರ ಇದ್ದರೆ ಒಂದು ಮಾತು ಹೇಳೋದಲ್ವೇನೋ, ಸೌಟು ನಾನೇ ಹಿಡೀತಿದ್ದೆ' ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ. ಮಾತ್ರೆ ಜ್ವರ ಇಳಿಸುತ್ತದೆ, ಸೋಂಕನ್ನಲ್ಲ. ಫ್ಲೂ ಆದರೆ ಲಕ್ಷಣ ಕಾಣುವ ಒಂದು ದಿನ ಮುಂಚಿನಿಂದ ಹಿಡಿದು ಐದಾರು ದಿನ ಹರಡುತ್ತದೆ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಜನರ ನಡುವೆ ಹೋಗಬೇಕೆನ್ನುವುದು ನನಗೆ ತಿಳಿದದ್ದು ಆಮೇಲೆ, ಇದೇ ಪತ್ರಿಕೆಯ ಪ್ರೂಫ್ ತಿದ್ದುವಾಗ.

'ನನ್ನ ಕೈಯಲ್ಲಿ ರೋಗ ಇದೆಯೆಂದರೆ ಎಷ್ಟು ಅವಮಾನ' ಎಂದು ಬರೆದಿದ್ದೀರಲ್ಲ, ಅದೇ ಅವಮಾನ ಒಬ್ಬ ಅಡುಗೆಯವಳ ಬಾಳನ್ನೇ ನುಂಗಿದ ಕಥೆಯಿದೆ. ಮೇರಿ ಮ್ಯಾಲನ್ ಅಂತ ಹೆಸರು. 1906ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಹತ್ತಿರದ ಆಯ್ಸ್ಟರ್ ಬೇಯಲ್ಲಿ ಒಂದು ಶ್ರೀಮಂತ ಕುಟುಂಬಕ್ಕೆ ಅಡುಗೆ ಮಾಡುತ್ತಿದ್ದಳು. ಮನೆಯ ಹನ್ನೊಂದು ಜನರಲ್ಲಿ ಆರು ಮಂದಿಗೆ ಟೈಫಾಯ್ಡ್ ಬಂತು. ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರ್ ಬೆನ್ನು ಹತ್ತಿ ನೋಡಿದರೆ ಅವಳು ಹಿಂದೆ ಕೆಲಸ ಮಾಡಿದ ಮನೆಗಳಲ್ಲೂ ಅದೇ ಕಥೆ. ಅವಳಿಗೆ ಮಾತ್ರ ಒಂದು ದಿನವೂ ಜ್ವರವಿಲ್ಲ. ಆರೋಗ್ಯವಾಗಿಯೇ ಇದ್ದು ರೋಗಾಣು ಹೊತ್ತಿದ್ದಳು. ಕಾಯಿಸಿದ ಅಡುಗೆಗಿಂತ ಅವಳು ಹಸಿ ಹಣ್ಣು ಹೆಚ್ಚಿಹಾಕಿ ಮಾಡುತ್ತಿದ್ದ ಐಸ್‌ಕ್ರೀಮಿನ ಮೇಲೆ ಸೋಪರನಿಗೆ ಅನುಮಾನ. ನೀನೇ ಕಾರಣ ಎಂದಾಗ ಅವಳು ಕೆರಳಿ ಅವನನ್ನು ಓಡಿಸಿದಳು. 1907ರಿಂದ ಮೂರು ವರ್ಷ ಅವಳನ್ನು ಒಂದು ದ್ವೀಪದಲ್ಲಿ ಕೂಡಿಹಾಕಿದರು. ಅದು ನ್ಯಾಯವಲ್ಲ ಅಂತಲೇ ನನಗನಿಸುತ್ತದೆ. ಇನ್ನು ಅಡುಗೆ ಮಾಡುವುದಿಲ್ಲವೆಂದು ಮಾತು ಕೊಟ್ಟು ಹೊರಬಂದವಳು ಹೆಸರು ಬದಲಿಸಿಕೊಂಡು ಹೆರಿಗೆ ಆಸ್ಪತ್ರೆಯೊಂದರ ಅಡುಗೆಮನೆ ಸೇರಿದಳು. 1915ರಲ್ಲಿ ಮತ್ತೆ ಸಿಕ್ಕಿಬಿದ್ದಳು. 1938ರಲ್ಲಿ ಸಾಯುವವರೆಗೂ ಅದೇ ದ್ವೀಪ. ಮೊದಲ ಸಲ ಅವಳ ಪರ ಮಾತಾಡಿದವರಿದ್ದರು. ಎರಡನೆಯ ಸಲ ಹೆಚ್ಚು ಜನ ಉಳಿಯಲಿಲ್ಲ.

ನಿಮ್ಮನ್ನು ಅವಳ ಸಾಲಿಗೆ ಸೇರಿಸುತ್ತಿಲ್ಲ, ಗಾಬರಿಯಾಗಬೇಡಿ. ನಿಮ್ಮದು ಇನ್ನೂ ಮೊದಲ ಸಲ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಹೇಳಿ. ಎಲ್ಲರನ್ನೂ ಕೂರಿಸಿ ಹೇಳುವ ಅಗತ್ಯವಿಲ್ಲ. ದೊಡ್ಡಮಾವನವರ ಮನೆಗೆ ಹೋಗಿ, ಅವರೆದುರು ಕೂತು, 'ಪುಟ್ಟನಿಗೆ ಗುರುವಾರದಿಂದ ವಾಂತಿ ಇತ್ತು, ಇವರೂ ಮಲಗಿದ್ದರು, ನಾನು ಹೇಳಲಿಲ್ಲ, ತಪ್ಪಾಯಿತು' ಎನ್ನಿ. 'ಆದರೆ' ಎಂಬ ಪದ ಸೇರಿಸಬೇಡಿ. ಅತ್ತೆಗೂ ಅಷ್ಟನ್ನೇ ಹೇಳಿ. ಉಳಿದವರಿಗೆ ಅವರೇ ಹೇಳಿಕೊಳ್ಳುತ್ತಾರೆ.

ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪತ್ರದುದ್ದಕ್ಕೂ ಅವರು ಮಲಗಿಯೇ ಇದ್ದಾರೆ. ಹೊಟ್ಟೆ ಕೆಟ್ಟವರು ಅಡುಗೆಮನೆಗೆ ಬರಬಾರದು, ಒಪ್ಪಿದೆ. ಮಲಗಿದಲ್ಲೇ ಫೋನು ಹಿಡಿದು ತನ್ನ ಅಣ್ಣ ತಮ್ಮಂದಿರಿಗೆ ನಾಲ್ಕು ಮಾತಾಡಲು ಏನು ಅಡ್ಡಿ? ತನ್ನ ಕಡೆಯವರಿಗೆ ತಾನೇ ಹೇಳಿದ್ದರೆ ಹೊಸದಾಗಿ ಹಬ್ಬ ಹೊತ್ತುಕೊಂಡ ಹೆಂಡತಿಗೆ ಮಾತು ಕೇಳುವ ಭಯವಿರುತ್ತಿರಲಿಲ್ಲ. ಈ ಸಾಲನ್ನು ಅವರಿಗೆ ತೋರಿಸಬಹುದು.

ಮುಂದಿನ ಸಲ ನೀವೇ ಮಾಡಬಹುದೇ ಎಂದರೆ, ಖಂಡಿತ. ಅತ್ತೆ ಚೇತರಿಸಿಕೊಂಡು ಆಡಿದ ಮೊದಲ ಮಾತು 'ಉಪ್ಪು ಸರಿಯಾಗಿತ್ತು' ಎಂದು ಬರೆದಿದ್ದೀರಿ. ಅದು ಚುಚ್ಚುಮಾತೋ ಮೆಚ್ಚುಗೆಯೋ ತಿಳಿಯದೆ ಒದ್ದಾಡುತ್ತಿದ್ದೀರಿ. ರಾತ್ರಿಯೆಲ್ಲ ವಾಂತಿ ಮಾಡಿದ ಹೆಂಗಸು ಉಪ್ಪಿನ ಹದ ನೆನಪಿಟ್ಟುಕೊಂಡಿದ್ದಾರೆಂದರೆ ಅದು ಮೆಚ್ಚುಗೆಯೇ.

ಹಬ್ಬದ ಹೊತ್ತಿಗೆ ಮನೆಯಲ್ಲಿ ಮತ್ತೆ ಯಾರಾದರೂ ಮಲಗಿದರೆ, ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ವಾಂತಿ ಭೇದಿ ಶುರುವಾದ ದಿನವೇ ಬರುವವರಿಗೆಲ್ಲ ಫೋನು. 'ಬರಬೇಡಿ' ಎನ್ನುವುದು ಬೇಡ; ಮನೆಯಲ್ಲಿ ಹೀಗಾಗಿದೆ, ಒಂದು ವಾರ ಮುಂದೂಡೋಣವೇ ಎಂದು ಕೇಳಿದರೆ ಸಾಕು. ವಯಸ್ಸಾದವರು, ಬಸುರಿಯರು, ಕೈಗೂಸಿನ ತಾಯಂದಿರು, ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಇದ್ದರೆ ಅವರಿಗೆ ಮೊದಲು. ಬರೇ ನೆಗಡಿಗೆಲ್ಲ ಹಬ್ಬ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ, ಹಾಗೆಂದರೆ ಸಣ್ಣ ಮಕ್ಕಳಿರುವ ಮನೆಯಲ್ಲಿ ಹಬ್ಬವೇ ಆಗಲಿಕ್ಕಿಲ್ಲ. ಆದರೆ ನೆಗಡಿ ಇದೆ ಎಂದು ಹೇಳಲು ದುಡ್ಡು ಬೀಳುವುದಿಲ್ಲವಲ್ಲ.

ಮುಂದೂಡಲು ಆಗುವುದೇ ಇಲ್ಲವೆಂದಾದರೆ ಅಡುಗೆ ಇನ್ನೊಂದು ಮನೆಯಲ್ಲಿ, ಇನ್ನೊಬ್ಬರ ಕೈಯಲ್ಲಿ ಆಗಲಿ, ಊಟವೂ ಅಲ್ಲೇ. ರೋಗಿಯ ಬಕೆಟ್ಟು ತೊಳೆಯುವವರು ಅಂದು ಸೌಟು ಮುಟ್ಟುವುದು ಬೇಡ. ನೀವು ಸೋಂಕು ತಗಲದಿರಲೆಂದು ಸ್ಯಾನಿಟೈಸರ್ ಹಚ್ಚಿಕೊಂಡೇ ಇದ್ದೆ ಎಂದಿದ್ದೀರಿ. ಬಹಳ ಜನ ಜಾರುವುದು ಇಲ್ಲೇ. ಫ್ಲೂಗೆ ನಡೆಯುವ ಆ ಔಷಧಿ ನೊರೊವೈರಸ್ಸಿನ ಮುಂದೆ ಅಷ್ಟಾಗಿ ನಡೆಯುವುದಿಲ್ಲ. ಸೋಪು, ಹರಿಯುವ ನೀರು, ಉಗುರಿನ ಸಂದು ಬಿಡದೆ ಇಪ್ಪತ್ತು ಸೆಕೆಂಡು ಉಜ್ಜುವುದು, ಅದಕ್ಕೆ ಬದಲಿಯಿಲ್ಲ. ನೆಲ, ನಲ್ಲಿ, ಬಾಗಿಲ ಹಿಡಿಗಳಿಗೆ ಬ್ಲೀಚು ಬೆರೆಸಿದ ನೀರು. ಅದಕ್ಕೆ ಆಸಿಡ್ಡಾಗಲಿ ಬೇರೆ ಕ್ಲೀನರಾಗಲಿ ಸೇರಿಸಬೇಡಿ, ಏಳುವ ಗಾಳಿ ಎದೆಗೆ ಕೆಟ್ಟದ್ದು. ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಕೂರಬಾರದು. 5ರಿಂದ 60 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ, ಇದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಮಲಗಿದವರನ್ನು ಮರೆಯುವುದೂ ಹಬ್ಬದ ಮನೆಯಲ್ಲಿ ಮಾಮೂಲು. ಮಗುವನ್ನು ಶುಕ್ರವಾರ ಕೋಣೆಯಲ್ಲಿ ಮೊಬೈಲು ಕೊಟ್ಟು ಕೂರಿಸಿದ್ದನ್ನು ನೀವೇ ಬರೆದು, ಆಮೇಲೆ ಆ ಸಾಲನ್ನು ಹೊಡೆದುಹಾಕಿದ್ದೀರಿ. ಹೊಡೆದದ್ದು ಓದಲು ಬರುತ್ತದೆ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸಬೇಕು. ಮೂತ್ರ ನಿಂತರೆ, ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಹಬ್ಬ ಗಿಬ್ಬ ನೋಡದೆ ವೈದ್ಯರ ಹತ್ತಿರ ಹೊರಡಿ.

ಇನ್ನು ಡಬ್ಬಿಯ ವಿಷಯ. ಉಳಿದ ಅಡುಗೆಯನ್ನು ಚೆಲ್ಲಲು ಮನಸ್ಸಾಗದೆ ಎರಡು ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ತಾರೀಕು ಬರೆದು ಫ್ರೀಜರಿನಲ್ಲಿಟ್ಟಿದ್ದೀರಿ. 'ಮೊದಲ ಸಲ ಮಾಡಿದ್ದಲ್ಲವೇ' ಎಂದಿದ್ದೀರಿ. ಅರ್ಥವಾಗುತ್ತದೆ. ಆದರೆ ನೊರೊವೈರಸ್ಸು ಮಂಜಿನಲ್ಲಿ ಸಾಯುವುದಿಲ್ಲ, ಹಾಯಾಗಿರುತ್ತದೆ. ಈ ಸಂಚಿಕೆ ಕೈಸೇರಿದ ದಿನವೇ ಎರಡನ್ನೂ ಚೆಲ್ಲಿ, ಡಬ್ಬಿ ಬಿಸಿನೀರು ಸೋಪಿನಲ್ಲಿ ತೊಳೆದು, ಕೈಯನ್ನೂ ತೊಳೆದುಕೊಳ್ಳಿ. ತಾರೀಕು ಬರೆದ ಮುಚ್ಚಳ ಬೇಕಾದರೆ ಇಟ್ಟುಕೊಳ್ಳಿ.

ನಿಮ್ಮವ,
ಸಂಪಾದಕ