ಅಪ್‌ಡೇಟ್ ಹಾಕಿದ ಮರುದಿನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗೋಳು. ಅಪ್‌ಡೇಟ್ ಹಾಕಿದೆ, ಫೋನ್ ಹಾಳಾಯ್ತು. ಹಾಗಾಗಿ ಉಳಿದದ್ದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇದೊಂದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ಮೊನ್ನೆ ರಾತ್ರಿ ದೊಡ್ಡ ಅಪ್‌ಡೇಟ್ ಬಂತು, ಹಾಕಿದೆ. ಬೆಳಗ್ಗೆಯಿಂದ ಫೋನ್ ಬಿಸಿ. ಮಧ್ಯಾಹ್ನಕ್ಕೇ ಅರ್ಧ ಚಾರ್ಜ್ ಖಾಲಿ. ಯಾವ ಆ್ಯಪ್ ಒತ್ತಿದರೂ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ತೆರೆಯುತ್ತೆ. ಫ್ಯಾಕ್ಟರಿ ರೀಸೆಟ್ ಮಾಡಿಬಿಡಲಾ?
– ಕಾಲೇಜು ವಿದ್ಯಾರ್ಥಿನಿ

ಉತ್ತರ: ಬೇಡ. ಸದ್ಯಕ್ಕೆ ಏನೂ ಮಾಡಬೇಡಿ. ರಾತ್ರಿ ವೈಫೈ ಆನ್ ಇಟ್ಟು ಚಾರ್ಜಿಗೆ ಹಾಕಿ ಮಲಗಿ, ಅಷ್ಟೇ.

ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ಗಳು ಪ್ರೊಸೆಸರ್‌ಗೆ ನೇರವಾಗಿ ಅರ್ಥವಾಗುವ ಭಾಷೆಯಲ್ಲಿ ಬರುವುದಿಲ್ಲ. ಫೋನೇ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಳ್ಳಬೇಕು. 2014ರ ಆಂಡ್ರಾಯ್ಡ್ 5ರಲ್ಲಿ ಈ ಕೆಲಸವೆಲ್ಲ ಒಂದೇ ಏಟಿಗೆ ಆಗುತ್ತಿತ್ತು. ಅಪ್‌ಡೇಟ್ ಮುಗಿದ ಮೇಲೆ "ಆ್ಯಪ್ ಸಿದ್ಧವಾಗುತ್ತಿದೆ, 87ರಲ್ಲಿ 12" ಅಂತ ಪರದೆ ಮೇಲೆ ಎಣಿಕೆ ಓಡುತ್ತಿದ್ದದ್ದು ಕೆಲವರಿಗೆ ನೆನಪಿರಬಹುದು. ಕಾದು ಕಾದು ಸಾಕಾಗುತ್ತಿತ್ತು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಆ ಕಾಟ ತಪ್ಪಿತು. ಈಗ ಫೋನು ನೀವು ಯಾವ ಆ್ಯಪಿನ ಯಾವ ಭಾಗವನ್ನು ಜಾಸ್ತಿ ಬಳಸುತ್ತೀರಿ ಅಂತ ಗುರುತು ಹಾಕಿಕೊಂಡು, ಚಾರ್ಜಿಗೆ ಹಾಕಿ ಸುಮ್ನೆ ಇಟ್ಟಾಗ ಅಷ್ಟನ್ನು ಮಾತ್ರ ತಿರುಗಿಸಿಕೊಳ್ಳುತ್ತದೆ. ಸಿಸ್ಟಮ್ ಬದಲಾದಾಗ ಹಿಂದೆ ಮಾಡಿಟ್ಟದ್ದು ಹೊಸದಕ್ಕೆ ಹೊಂದುವುದಿಲ್ಲ, ಮತ್ತೆ ಮೊದಲಿಂದ ಶುರು. ಅದು ಮುಗಿಯುವ ತನಕ ಆ್ಯಪ್ ತೆರೆಯುವಾಗ ನೀವು ಹೇಳುವ ಆ "ಯೋಚನೆ" ಇದ್ದೇ ಇರುತ್ತದೆ.

ಐಫೋನಿನಲ್ಲೂ ಹಿನ್ನೆಲೆಯಲ್ಲಿ ಕೆಲಸ ಇರುತ್ತದೆ, ಬೇರೆ ಥರದ್ದು. ಹುಡುಕಾಟದ ಪಟ್ಟಿ ಹೊಸದಾಗಿ ಕಟ್ಟಬೇಕು, ಫೋಟೊಗಳನ್ನೆಲ್ಲ ಮತ್ತೆ ನೋಡಬೇಕು. ಬಿಸಿ, ಬ್ಯಾಟರಿ ಖರ್ಚು ಎರಡೂ ಅದರಿಂದಲೇ. ನನ್ನ ಲೆಕ್ಕದಲ್ಲಿ ಮೂರು ರಾತ್ರಿ ಕೊಡಿ, ಫೋಟೊ ರಾಶಿ ಬಿದ್ದಿದ್ದರೆ ಒಂದು ವಾರ. ಅಷ್ಟರಲ್ಲಿ ಆ್ಯಪ್‌ಗಳಿಗೂ ಅಪ್‌ಡೇಟ್ ಬಂದಿರುತ್ತೆ, ಅವನ್ನೂ ಹಾಕಿಕೊಳ್ಳಿ.

ಆದರೆ ಫೋನ್ ಕೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ, ತಾನೇ ಆಫ್ ಆಗಿ ಆನ್ ಆಗುತ್ತಿದ್ದರೆ, ಕರೆಯೇ ಹೋಗದಿದ್ದರೆ ಕಾಯುವ ಮಾತಿಲ್ಲ. ಮೊದಲು ಬ್ಯಾಕಪ್, ಆಮೇಲೆ ಸರ್ವೀಸ್ ಸೆಂಟರ್.

ಪ್ರಶ್ನೆ: ಅಪ್‌ಡೇಟ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬೆಂಚ್‌ಮಾರ್ಕ್ ಆ್ಯಪ್ (ಫೋನಿನ ವೇಗ ಅಳೆದು ಸ್ಕೋರ್ ಕೊಡುವಂಥದ್ದು) ಓಡಿಸಿದೆ. ಸ್ಕೋರ್ ಜಾಸ್ತಿಯೇ ಆಗಿದೆ. ಆದರೆ ಸ್ಕ್ರಾಲ್ ಮಾಡುವಾಗ ಜರ್ಕ್ ಹೊಡೆಯುತ್ತೆ. ಯಾವುದನ್ನು ನಂಬಲಿ?
– ಗೇಮ್ ಆಡುವ ಓದುಗರು

ಉತ್ತರ: ನಿಮ್ಮ ಹೆಬ್ಬೆರಳನ್ನು ನಂಬಿ.

ಆ ಸ್ಕೋರ್ ಹೇಳುವುದು ಪ್ರೊಸೆಸರ್ ಉಸಿರು ಬಿಗಿಹಿಡಿದು ಓಡಿದರೆ ಎಷ್ಟು ಓಡುತ್ತೆ ಅನ್ನುವುದನ್ನು. ದಿನದ ಬಳಕೆಯಲ್ಲಿ ಅಷ್ಟು ಓಟ ಯಾರಿಗೆ ಬೇಕು? ಅಲ್ಲಿ ಬೇಕಾದದ್ದು ಚಿತ್ರ ಹೊತ್ತಿಗೆ ಸರಿಯಾಗಿ ಬರುವುದು. 60 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ, ಒಂದೊಂದು ಚಿತ್ರ ತಯಾರಾಗಲು ಸುಮಾರು 16.7 ಮಿಲಿಸೆಕೆಂಡ್ ಸಮಯ ಇರುತ್ತದೆ. 120 ಹರ್ಟ್ಸ್ ಆದರೆ ಅದರ ಅರ್ಧ, 8.3. ಒಂದು ಚಿತ್ರ ತಡವಾದರೂ ಹಳೆಯದೇ ಇನ್ನೊಮ್ಮೆ ಕಾಣುತ್ತದೆ. ನಿಮಗೆ ಜರ್ಕ್ ಅನಿಸುವುದು ಅದೇ. ಒಟ್ಟು ಸ್ಕೋರಿನಲ್ಲಿ ಇದು ಎಲ್ಲೂ ಕಾಣುವುದಿಲ್ಲ.

ಸ್ಕೋರನ್ನು ಕುರುಡಾಗಿ ನಂಬದಿರಲು ಹಳೇ ಕಾರಣಗಳೂ ಇವೆ. 2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಒಂದು ಮಾದರಿ ಕೆಲವು ಬೆಂಚ್‌ಮಾರ್ಕ್ ಆ್ಯಪ್ ಕಂಡಾಗ ಮಾತ್ರ ಗ್ರಾಫಿಕ್ಸ್ ಚಿಪ್ಪನ್ನು 533 ಮೆಗಾಹರ್ಟ್ಸ್‌ಗೆ ಏರಿಸುತ್ತಿತ್ತು, ಉಳಿದ ಹೊತ್ತಲ್ಲಿ 480. ಆನಂದ್‌ಟೆಕ್ ಅನ್ನುವ ತಂತ್ರಜ್ಞಾನ ಜಾಲತಾಣ ಇದನ್ನು ಬಯಲಿಗೆ ತಂದಿತು. 2022ರಲ್ಲಿ ಇನ್ನೊಂದು ಕಥೆ. ಸ್ಯಾಮ್‌ಸಂಗ್‌ನ ಗೇಮ್ ಸಂಬಂಧದ ಒಂದು ಸೇವೆ ಗೇಮ್‌ಗಳಿಗೆ, ಬೇರೆ ಆ್ಯಪ್‌ಗಳಿಗೆ ಕಡಿವಾಣ ಹಾಕಿ ಬೆಂಚ್‌ಮಾರ್ಕನ್ನು ಮಾತ್ರ ಬಿಟ್ಟಿತ್ತು ಅಂತ ಗೀಕ್‌ಬೆಂಚ್ ಅನ್ನುವ ಬೆಂಚ್‌ಮಾರ್ಕ್ ಆ್ಯಪಿನವರು ಗ್ಯಾಲಕ್ಸಿ ಎಸ್10ರಿಂದ ಎಸ್22ರವರೆಗಿನ ಫೋನ್‌ಗಳನ್ನು ತಮ್ಮ ಸ್ಕೋರ್ ಪಟ್ಟಿಯಿಂದಲೇ ತೆಗೆದರು. ಪರೀಕ್ಷೆ ದಿನ ಮಾತ್ರ ಓದುವ ಹುಡುಗರ ಹಾಗೆ.

ಜರ್ಕ್ ಕಣ್ಣಾರೆ ನೋಡಬೇಕಾ? ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪ್ರೊಫೈಲ್ ಎಚ್‌ಡಬ್ಲ್ಯುಯುಐ ರೆಂಡರಿಂಗ್ ಅಂತ ಇದೆ. ಅದನ್ನು ಬಾರ್ ರೂಪದಲ್ಲಿ ಆನ್ ಮಾಡಿ. ಸ್ಕ್ರಾಲ್ ಮಾಡುತ್ತಿದ್ದ ಹಾಗೆ ಪರದೆ ಮೇಲೆ ಬಣ್ಣದ ಗೆರೆಗಳು ಎದ್ದು ಬೀಳುತ್ತವೆ. ಅಡ್ಡಕ್ಕೆ ಇರುವ ಹಸಿರು ಗೆರೆ 16.67 ಮಿಲಿಸೆಕೆಂಡಿನದ್ದು. ಅದನ್ನು ದಾಟಿ ಮೇಲೆದ್ದ ಪ್ರತಿ ಗೆರೆಯೂ ತಡವಾದ ಒಂದು ಚಿತ್ರ. ಗೇಮ್‌ಗಳಲ್ಲಿ ಈ ಉಪಾಯ ಸಾಮಾನ್ಯವಾಗಿ ನಡೆಯಲ್ಲ. ನೋಡಿ ಮುಗಿದ ಮೇಲೆ ಆಫ್ ಮಾಡಿ, ಆ ಪಟ್ಟಿಯಲ್ಲಿರುವ ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ಪ್ರಶ್ನೆ: ಫೋನ್ ನಿಧಾನ ಆಗಿದೆ ಅಂತ ನಾನು, ಇಲ್ಲ ನಿಮಗೆ ಹಾಗನಿಸುತ್ತೆ ಅಂತ ನನ್ನ ಹೆಂಡತಿ. ಮನೆಯಲ್ಲೇ ಕೂತು ನ್ಯಾಯವಾಗಿ ಅಳೆಯುವ ದಾರಿ ಇದೆಯೇ ಸರ್?
– ವಾದದಲ್ಲಿ ಸೋಲುತ್ತಿರುವ ಓದುಗರು

ಉತ್ತರ: ಇದೆ. ಆದರೆ ಗೆಲ್ಲುತ್ತೀರಿ ಅಂತ ಮಾತು ಕೊಡಲಾರೆ. ಮೊದಲು ನನ್ನ ಕಥೆ ಕೇಳಿ.

ಒಂದು ಅಪ್‌ಡೇಟ್ ಆದ ಮೇಲೆ ನನ್ನ ಫೋನಿನಲ್ಲಿ ಸ್ಕ್ರಾಲ್ ಮೊದಲಿನ ಹಾಗೆ ಜಾರುತ್ತಿರಲಿಲ್ಲ. ಎಳೆದ ಹಾಗೆ ಅನಿಸುತ್ತಿತ್ತು. ಒಂದು ವಾರ ಸಿಕ್ಕಸಿಕ್ಕವರ ಹತ್ತಿರವೆಲ್ಲ ಆ ಕಂಪನಿಯನ್ನು ಬೈದೆ. ಎಂಟನೇ ದಿನ ಅಳೆಯೋಣ ಅಂತ ಕೂತಾಗ ಮೊದಲು ಕಂಡದ್ದು ಬ್ಯಾಟರಿ ಗುರುತಿನ ಪಕ್ಕದ ಪುಟ್ಟ ಚಿಹ್ನೆ. ಪವರ್ ಸೇವಿಂಗ್ ಆನ್ ಇತ್ತು. ಯಾವುದೋ ಪ್ರಯಾಣಕ್ಕೆ ಮುಂಚೆ ನಾನೇ ಹಾಕಿ ಮರೆತದ್ದು. ಅದು ಆನ್ ಆದರೆ ನನ್ನ ಫೋನಿನಲ್ಲಿ 120 ಹರ್ಟ್ಸ್ ಪರದೆ 60ಕ್ಕೆ ಇಳಿಯುತ್ತದೆ. ಅಪ್‌ಡೇಟ್ ಪಾಪ, ಏನೂ ಮಾಡಿರಲಿಲ್ಲ.

ಆದ್ದರಿಂದ ಮೊದಲ ಕೆಲಸ ಇದೇ. ಪವರ್ ಸೇವಿಂಗ್ ಆಫ್ ಆಗಿದೆಯಾ ನೋಡಿ. ಚಾರ್ಜ್ ಅರ್ಧಕ್ಕಿಂತ ಮೇಲಿರಲಿ, ಚಾರ್ಜರ್ ತೆಗೆದಿರಲಿ. ಫೋನನ್ನು ಹತ್ತು ನಿಮಿಷ ಮುಟ್ಟದೆ ಇಡಿ, ಬಿಸಿಯಾದ ಫೋನು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸ್ಟೋರೇಜ್ ಎಷ್ಟು ಖಾಲಿ ಇದೆ ಅನ್ನುವುದನ್ನೂ ಬರೆದಿಡಿ, ಅದು ಭರ್ತಿಯಾಗುತ್ತ ಬಂದ ಹಾಗೆ ಫೋನು ಅದರಲ್ಲಿ ಮಾಹಿತಿ ಉಳಿಸುವ ವೇಗ ಬೀಳುತ್ತದೆ.

ಈಗ ಇನ್ನೊಂದು ಫೋನ್ ಬೇಕು. ನಿಮ್ಮ ಹೆಂಡತಿಯದ್ದೇ ಕೇಳಿ, ಸಾಕ್ಷಿಯೂ ಆಗುತ್ತೆ. ಅದರ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ, ಸೆಕೆಂಡಿಗೆ 240 ಚಿತ್ರಕ್ಕೆ ಇಟ್ಟು ಪುಸ್ತಕಗಳಿಗೆ ಒರಗಿಸಿ, ನಿಮ್ಮ ಫೋನಿನ ಪರದೆಯೂ ಬೆರಳೂ ಎರಡೂ ಕಾಣುವ ಹಾಗೆ. ನಿಮ್ಮ ಫೋನಿನಲ್ಲೇ ಸ್ಕ್ರೀನ್ ರೆಕಾರ್ಡ್ ಮಾಡಬೇಡಿ, ಆ ಕೆಲಸಕ್ಕೂ ಪ್ರೊಸೆಸರ್ ದುಡಿಯಬೇಕಲ್ಲ, ಅಳತೆಯೇ ಕೆಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾ ಆ್ಯಪನ್ನು ಫೋರ್ಸ್ ಸ್ಟಾಪ್ ಮಾಡಿ, ಅಂದರೆ ಪೂರ್ತಿ ಮುಚ್ಚಿ. ಹೋಮ್‌ಗೆ ಬಂದು ಐಕಾನ್ ಒತ್ತಿ. ಆಮೇಲೆ ವಿಡಿಯೊವನ್ನು ಒಂದೊಂದೇ ಚಿತ್ರ ಮುಂದಕ್ಕೆ ಸರಿಸಿ. ಬೆರಳು ಗಾಜಿನಿಂದ ಮೇಲೆದ್ದ ಚಿತ್ರ ಒಂದು, ಎದುರಿನ ದೃಶ್ಯ ಪರದೆಯಲ್ಲಿ ಪೂರ್ತಿ ಮೂಡಿದ ಚಿತ್ರ ಇನ್ನೊಂದು. ನಡುವೆ ಎಷ್ಟಿವೆ ಎಣಿಸಿ 240ರಿಂದ ಭಾಗಿಸಿ. 132 ಚಿತ್ರ ಬಂದರೆ 0.55 ಸೆಕೆಂಡ್.

ಒಂದೇ ಸಲ ಅಳೆದು ತೀರ್ಪು ಕೊಡಬೇಡಿ. ಐದು ಸಲ ಮಾಡಿ, ಐದನ್ನೂ ಸಣ್ಣದರಿಂದ ದೊಡ್ಡದಕ್ಕೆ ಬರೆದು ನಡುವಿನದನ್ನು ಇಟ್ಟುಕೊಳ್ಳಿ. ಫೋರ್ಸ್ ಸ್ಟಾಪ್ ಪ್ರತಿ ಸಲವೂ ಬೇಕು. ಇಲ್ಲದಿದ್ದರೆ ಎರಡನೇ ಸಲ ಆ್ಯಪ್ ಮೆಮರಿಯಲ್ಲೇ ಕೂತಿರುತ್ತೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತೆ, ನೀವು ಫೋನ್ ಸರಿಹೋಯ್ತು ಅಂದುಕೊಳ್ಳುತ್ತೀರಿ. ಕ್ಯಾಮೆರಾ, ಡಯಲರ್, ಗ್ಯಾಲರಿ, ಕೀಬೋರ್ಡ್ ಇಂಥವನ್ನು ಆರಿಸಿಕೊಳ್ಳಿ. ಸುದ್ದಿ ಆ್ಯಪ್, ವಿಡಿಯೊ ಆ್ಯಪ್ ಬೇಡ. ಅಲ್ಲಿ ನೀವು ಅಳೆಯುವುದು ಫೋನನ್ನಲ್ಲ, ನೆಟ್‌ವರ್ಕನ್ನು.

ಮೆಮರಿಗೆ ಬೇರೆ ಪರೀಕ್ಷೆ. ಬ್ರೌಸರಿನಲ್ಲಿ ಒಂದು ಉದ್ದದ ಪುಟದ ಮಧ್ಯಕ್ಕೆ ಹೋಗಿ ನಿಲ್ಲಿ. ಆಮೇಲೆ ವಾಟ್ಸಾಪ್, ಮ್ಯಾಪ್, ಕ್ಯಾಮೆರಾ, ಬ್ಯಾಂಕಿನ ಆ್ಯಪ್, ಗ್ಯಾಲರಿ ಒಂದೊಂದಾಗಿ ತೆರೆದು ವಾಪಸ್ ಬನ್ನಿ. ಪುಟ ಬಿಟ್ಟಲ್ಲೇ ಇದೆಯಾ, ಮೊದಲಿಂದ ಲೋಡ್ ಆಯ್ತಾ? ಮೊದಲು ಇರುತ್ತಿದ್ದದ್ದು ಈಗ ಇರದಿದ್ದರೆ ಹೊಸ ಸಿಸ್ಟಮ್ ತಾನೇ ಜಾಸ್ತಿ ಮೆಮರಿ ತಿನ್ನುತ್ತಿರಬಹುದು. ಇಲ್ಲಿ ನಿಮ್ಮ ಮಾತಿಗೆ ಬಲ ಬರುತ್ತೆ.

ಒಂದು ತೊಡಕಿದೆ. ಅಪ್‌ಡೇಟ್‌ಗೆ ಮುಂಚಿನ ಅಳತೆ ನಿಮ್ಮಲ್ಲಿ ಇಲ್ಲ, ಅಲ್ವಾ? ಹಾಗಾದರೆ ಇವತ್ತಿನ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸುತ್ತೀರಿ? ಅಂದಾಜಿಗೆ ಒಂದು ಹಳೇ ಅಳತೆಗೋಲು ಉಂಟು. 0.1 ಸೆಕೆಂಡಿನೊಳಗೆ ಆದದ್ದು ನಮಗೆ ತಕ್ಷಣ ಆಯ್ತು ಅನಿಸುತ್ತೆ, 1 ಸೆಕೆಂಡ್ ದಾಟಿದರೆ ಗಮನ ತಪ್ಪಲು ಶುರು. ಆ್ಯಪ್ ಮಾಡುವವರಿಗೆ ಗೂಗಲ್ ಹಾಕಿಕೊಟ್ಟ ಗೆರೆ ಇನ್ನೂ ಸಡಿಲ. ಪೂರ್ತಿ ಮುಚ್ಚಿದ ಆ್ಯಪ್ ತೆರೆಯಲು 5 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಅದು ಅತಿಯಾಯ್ತು ಅನ್ನುತ್ತದೆ. ಸದ್ಯಕ್ಕೆ ನಿಮ್ಮಿಬ್ಬರ ಪಂದ್ಯ ಡ್ರಾ. ಇವತ್ತಿನ ಐದೈದು ಸಂಖ್ಯೆ ಬರೆದಿಡಿ, ಮುಂದಿನ ಅಪ್‌ಡೇಟ್ ಆಗಿ ವಾರ ಕಳೆದ ಮೇಲೆ ಮತ್ತೆ ಕೂರಿ.

ಪ್ರಶ್ನೆ: ಹಳೇ ಫೋನ್ ಬಿಸಾಕಲಿ ಅಂತ ಕಂಪನಿಗಳೇ ಅಪ್‌ಡೇಟ್ ಹೆಸರಲ್ಲಿ ನಿಧಾನ ಮಾಡುತ್ತವೆ ಅಂತ ಮೊಮ್ಮಗ ಹೇಳುತ್ತಾನೆ. ನಿಜವೇ?
– ನಿವೃತ್ತ ಶಿಕ್ಷಕರು

ಉತ್ತರ: ಮೊಮ್ಮಗನಿಗೆ ಅರ್ಧ ಅಂಕ ಕೊಡಬಹುದು ಮೇಷ್ಟ್ರೇ.

ಆಪಲ್ 2017ರ ಜನವರಿಯಲ್ಲಿ ಬಿಟ್ಟ ಐಒಎಸ್ (ಐಫೋನಿನ ಸಿಸ್ಟಮ್) 10.2.1 ಬ್ಯಾಟರಿ ಹಳತಾದ ಐಫೋನ್‌ಗಳ ವೇಗಕ್ಕೆ ತಡೆ ಹಾಕಿತ್ತು. ಕಂಪನಿ ಇದನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಕಾರಣ ಸುಳ್ಳಾಗಿರಲಿಲ್ಲ. ಹಳೇ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದು, ವೋಲ್ಟೇಜ್ ಕುಸಿದು ಫೋನ್ ತಟ್ಟನೆ ಆಫ್ ಆಗುತ್ತದೆ. ಅದನ್ನು ತಪ್ಪಿಸಲು ವೇಗ ತಗ್ಗಿಸಿದರು. ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೊ ದಂಡ ಹಾಕಿದ್ದು ಬಳಕೆದಾರರಿಗೆ ಹೇಳದೆ ಮಾಡಿದ್ದಕ್ಕೆ. ಇಟಲಿ ಅದಕ್ಕೂ ಮುಂಚೆ, 2018ರಲ್ಲೇ, ಅಪ್‌ಡೇಟ್ ವಿಚಾರದಲ್ಲಿ ಆಪಲ್‌ಗೆ 1 ಕೋಟಿ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ವಿಧಿಸಿತ್ತು.

ಇದರಿಂದ ನಿಮಗೆ ಆಗುವ ಉಪಯೋಗ ಏನೆಂದರೆ, ಹೊಸ ಫೋನ್ ಕೊಳ್ಳುವ ಮುಂಚೆ ಬ್ಯಾಟರಿ ನೋಡಿ. 2018ರ ಐಒಎಸ್ 11.3ರಿಂದ ಐಫೋನಿನ ಸೆಟ್ಟಿಂಗ್ಸ್‌ನಲ್ಲೇ ಬ್ಯಾಟರಿ ಹೆಲ್ತ್ ಕಾಣುತ್ತದೆ. ಅದು ಶೇಕಡ 80ಕ್ಕಿಂತ ಕೆಳಗೆ ಇಳಿದಿದ್ದರೆ ಬ್ಯಾಟರಿ ಬದಲಿಸಿ ನೋಡಿ, ವೇಗವೂ ವಾಪಸ್ ಬರಬಹುದು. ಹಾಗೆ ಬಂದರೆ ಮೊಮ್ಮಗನಿಗೆ ಕೊಟ್ಟ ಆ ಅರ್ಧ ಅಂಕವನ್ನೂ ಕಡಿದುಕೊಳ್ಳಿ.

ಪ್ರಶ್ನೆ: ಹಳೇ ವರ್ಷನ್‌ಗೆ ವಾಪಸ್ ಹೋಗಬಹುದಾ?
– ಅವಸರದಲ್ಲಿರುವ ಓದುಗರು

ಉತ್ತರ: ಐಫೋನ್ ಆದರೆ, ಹೊಸದು ಬಂದ ಸ್ವಲ್ಪ ದಿನಕ್ಕೇ ಆಪಲ್ ಹಳೆಯದಕ್ಕೆ ಒಪ್ಪಿಗೆ ಕೊಡುವುದು ನಿಲ್ಲಿಸುತ್ತದೆ, ಬಾಗಿಲು ಮುಚ್ಚಿದ ಹಾಗೆ. ಆಂಡ್ರಾಯ್ಡ್‌ನಲ್ಲಿ ಕೆಲವು ಫೋನ್‌ಗಳಿಗೆ ಆಗುತ್ತೆ, ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತೆ, ಸೆಕ್ಯುರಿಟಿ ಪ್ಯಾಚ್‌ಗಳೂ ಕೈಬಿಟ್ಟು ಹೋಗುತ್ತವೆ. ನನ್ನನ್ನು ಕೇಳಿದರೆ ಬೇಡ.

ಪ್ರಶ್ನೆ: ಅಪ್‌ಡೇಟ್ ಆದ ಮೇಲೆ ಫೋನ್ ಹಗುರ ಆಗಲಿ ಅಂತ ಕ್ಲೀನರ್ ಆ್ಯಪ್ ಹಾಕಿದ್ದೇನೆ. ಗಂಟೆಗೊಮ್ಮೆ ಎಲ್ಲ ಆ್ಯಪ್ ಒರೆಸಿ ಹಾಕುತ್ತೇನೆ. ಸರಿಯಾ?
– ಶಿಸ್ತಿನ ಓದುಗರು

ಉತ್ತರ: ನಿಮ್ಮ ಶಿಸ್ತಿಗೆ ನಮಸ್ಕಾರ, ಆದರೆ ಕೆಲಸ ಉಲ್ಟಾ. ಖಾಲಿ ಬಿದ್ದ ಮೆಮರಿಯಿಂದ ಫೋನಿಗೆ ಏನೂ ಲಾಭ ಇಲ್ಲ, ಜಾಗ ಬೇಕಾದಾಗ ಅದು ತಾನೇ ಖಾಲಿ ಮಾಡಿಕೊಳ್ಳುತ್ತದೆ. ನೀವು ಒರೆಸಿದ ಆ್ಯಪ್ ಮುಂದಿನ ಸಲ ಮೊದಲಿಂದ ಏಳಬೇಕು, ಹೊತ್ತೂ ಜಾಸ್ತಿ, ಬ್ಯಾಟರಿಯೂ ಜಾಸ್ತಿ. ಸಿಕ್ಕಿಹಾಕಿಕೊಂಡ ಆ್ಯಪ್ ಒಂದಿದ್ದರೆ ಅದನ್ನಷ್ಟೇ ಮುಚ್ಚಿ. ಒರೆಸುವ ಹಂಬಲ ತಡೆಯಲಾಗದಿದ್ದರೆ ಆ ಕ್ಲೀನರ್ ಆ್ಯಪನ್ನೇ ಒರೆಸಿ ಹಾಕಿ.