ಫರ್ನೇಸ್ ಎಷ್ಟು ಗ್ಯಾಸ್ ಉರಿಸುತ್ತಿದೆ? ಮೀಟರಿನ ಮುಳ್ಳನ್ನೇ ಕೇಳಿ

ಪ್ರಶ್ನೆ: ಚಿಕಾಗೊ ಸಮೀಪ ಮನೆ ಕೊಂಡಿದ್ದೇವೆ. ಮನೆ ಬಿಸಿ ಮಾಡುವ ಬೇಸ್‌ಮೆಂಟಿನ ಫರ್ನೇಸ್ ಮೇಲೆ ಇನ್‌ಪುಟ್ (ಗಂಟೆಗೆ ಉರಿಸುವ ಗ್ಯಾಸಿನ ಶಾಖ) 80,000 ಬಿಟಿಯು ಎಂದಿದೆ; ಬಿಟಿಯು ಎಂದರೆ ಶಾಖದ ಅಳತೆ. ಗ್ಯಾಸ್ ಮೀಟರಿನ 2 ಘನ ಅಡಿಯ ಡಯಲ್ ಒಂದು ಸುತ್ತಿಗೆ 138 ಸೆಕೆಂಡ್ ತೆಗೆದುಕೊಂಡಿತು. ಲೆಕ್ಕ ಹಾಕಿದರೆ 54,000 ಕೂಡ ದಾಟುವುದಿಲ್ಲ. ಫರ್ನೇಸ್ ಕೆಟ್ಟಿದೆಯೇ?

ಉತ್ತರ: ಲೆಕ್ಕ ಸರಿಯಾಗಿದೆ. ಗಂಟೆಯ 3,600 ಸೆಕೆಂಡನ್ನು ಡಯಲಿನ ಅಳತೆಯಿಂದ ಗುಣಿಸಿ ಒಂದು ಸುತ್ತಿನ ಸೆಕೆಂಡಿನಿಂದ ಭಾಗಿಸಬೇಕು: 7,200 ÷ 138, ಅಂದರೆ ಗಂಟೆಗೆ 52.2 ಘನ ಅಡಿ. ಘನ ಅಡಿಗೆ 1,030 ಬಿಟಿಯು ಹಿಡಿದರೆ ಸುಮಾರು 53,700. (ಈ 1,030 ಎಲ್ಲ ಊರಿಗೂ ಒಂದೇ ಅಲ್ಲ. ನಿಮ್ಮ ಬಿಲ್ಲಿನಲ್ಲಿ ಘನ ಅಡಿಯನ್ನು ಥರ್ಮ್‌ಗೆ (ಒಂದು ಲಕ್ಷ ಬಿಟಿಯು) ಬದಲಿಸುವ ಅಂಕಿ ನೋಡಿ, ಇಲ್ಲವೇ ಗ್ಯಾಸ್ ಕಂಪನಿಯನ್ನು ಕೇಳಿ. ಡೆನ್ವರಿನಂಥ 5,280 ಅಡಿ ಎತ್ತರದ ಊರಿನಲ್ಲಿ ಅದು ಸಾಕಷ್ಟು ಕಡಿಮೆ.)

ಬಂದದ್ದು 80,000ದ ಶೇ 67. ಈ ಅಂಕಿ ನೋಡಿದೊಡನೆ ನಮಗೆ ಬರುವ ಅನುಮಾನ ಒಂದೇ: ಇದು ಎರಡು ಹಂತದ (ಸಣ್ಣ ಉರಿ, ಪೂರ್ಣ ಉರಿ ಎರಡೂ ಇರುವ) ಫರ್ನೇಸ್, ನೀವು ಅಳೆದದ್ದು ಸಣ್ಣ ಉರಿಯನ್ನು. ಇಂಥವುಗಳ ಮೊದಲ ಹಂತ ಸಾಮಾನ್ಯವಾಗಿ ಪೂರ್ಣ ಉರಿಯ ಶೇ 65–70. ಫರ್ನೇಸಿನ ಬಾಗಿಲ ಒಳಗಿನ ಪಟ್ಟಿಯಲ್ಲಿ ಎರಡು ಇನ್‌ಪುಟ್ ಅಂಕಿಗಳಿದ್ದರೆ ಅಲ್ಲಿಗೆ ಸಂಶಯ ತೀರಿತು.

ಮತ್ತೊಮ್ಮೆ ಅಳೆಯಿರಿ. ಒಲೆ, ಡ್ರೈಯರ್ ಆರಿಸಿ. ವಾಟರ್ ಹೀಟರನ್ನು ಪೈಲಟ್‌ಗೆ (ಸದಾ ಉರಿಯುವ ಕಿರು ಜ್ವಾಲೆಗೆ) ಇಳಿಸಿ. ಪೈಲಟ್ ಕುಡಿಯುವ ಗ್ಯಾಸ್ ಅತ್ಯಲ್ಪ. ಅದನ್ನೂ ಆರಿಸಿದರೆ ಮತ್ತೆ ಹಚ್ಚಲು ಮರೆಯಬಾರದು. ಥರ್ಮೋಸ್ಟಾಟನ್ನು ಐದಾರು ಡಿಗ್ರಿ ಏರಿಸಿ ಕಾಲು ಗಂಟೆ ಬಿಡಿ. ಥರ್ಮೋಸ್ಟಾಟ್ ಒಂದೇ ಹಂತದ್ದಾದರೆ ಎರಡನೇ ಹಂತಕ್ಕೆ ಏರಿಸುವುದು ಫರ್ನೇಸಿನ ಬೋರ್ಡಿನ ಟೈಮರ್, ಅದಕ್ಕೆ ಹತ್ತು ಹನ್ನೆರಡು ನಿಮಿಷ ಬೇಕಾಗಬಹುದು. ಮೀಟರಿನಲ್ಲಿ ಬಿಲ್ಲಿಗೆ ಓದುವ ಸಾಲಿನ ಡಯಲುಗಳನ್ನು ಬಿಟ್ಟು, ‘½’, ‘1’ ಅಥವಾ ‘2’ ಎಂದು ಗುರುತಿರುವ ಚಿಕ್ಕ ಡಯಲನ್ನೇ ಹಿಡಿಯಿರಿ. ಎರಡು ಮೂರು ಸುತ್ತು ಅಳೆದು ಸರಾಸರಿ ತೆಗೆದರೆ ಕಣ್ತಪ್ಪು ಕಡಿಮೆ. ಪೂರ್ಣ ಉರಿಯಲ್ಲಿ ನಿಮ್ಮ ಮುಳ್ಳು 93 ಸೆಕೆಂಡಿಗೆ ಸುತ್ತು ಮುಗಿಸಬೇಕು.

ಆಗಲೂ 138 ಬಂದರೆ ಟೆಕ್ನಿಷಿಯನ್ ಬರಲಿ. ಎರಡನೇ ಹಂತ ತೆರೆಯುತ್ತಿಲ್ಲದಿರಬಹುದು, ಒಳಬರುವ ಒತ್ತಡ ಸಾಲದಿರಬಹುದು, ಪೈಪು ಸಣ್ಣದಿರಬಹುದು.

ಪ್ರಶ್ನೆ: ಇನ್‌ಪುಟ್ ಶೇ 8 ಕಡಿಮೆ ಬಂದಿದೆ. ಗ್ಯಾಸ್ ವಾಲ್ವಿನ ಸ್ಕ್ರೂ ನಾನೇ ತಿರುಗಿಸಬಹುದೇ?

ಉತ್ತರ: ಬೇಡ. ಒತ್ತಡವನ್ನು ಮ್ಯಾನೊಮೀಟರಿನಲ್ಲಿ ನೋಡದೆ ಆ ಸ್ಕ್ರೂ ಮುಟ್ಟುವುದು ಕುರುಡು ಕೆಲಸ. ನ್ಯಾಚುರಲ್ ಗ್ಯಾಸಿಗೆ ಬರ್ನರ್ ಕಡೆಯ ಒತ್ತಡ ಸಾಮಾನ್ಯವಾಗಿ 3.5 ಇಂಚು ನೀರಿನ ಎತ್ತರ (ಅಷ್ಟು ಎತ್ತರದ ನೀರು ಹಾಕುವ ಒತ್ತಡ). ಬಹುತೇಕ ತಯಾರಕರು ಇದರಿಂದ ಆಚೀಚೆ 0.3 ಇಂಚಿಗಿಂತ ಹೆಚ್ಚು ಸರಿಯಲು ಬಿಡುವುದಿಲ್ಲ. ಗ್ಯಾಸ್ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ 0.3 ಇಂಚು ಕೊಟ್ಟರೂ ಸಿಗುವುದು ಶೇ 4ರಷ್ಟು ಮಾತ್ರ. ಒತ್ತಡ ಸರಿಯಿದ್ದೂ ನಿಮ್ಮ ಶೇ 8 ತುಂಬದಿದ್ದರೆ ಬರ್ನರಿನ ಆರಿಫೈಸ್ (ಗ್ಯಾಸ್ ಹೊರಬರುವ ಕಿರುರಂಧ್ರ) ಪರೀಕ್ಷಿಸಬೇಕು.

ಗ್ಯಾಸ್ ಹೆಚ್ಚಾದರೆ ಹೀಟ್ ಎಕ್ಸ್‌ಚೇಂಜರ್ (ಉರಿಯ ಶಾಖವನ್ನು ಮನೆಯ ಗಾಳಿಗೆ ದಾಟಿಸುವ ಲೋಹದ ಭಾಗ) ಅತಿಯಾಗಿ ಕಾದು ಬಿರುಕು ಬಿಡುತ್ತದೆ, ಅತಿ ಶಾಖ ತಡೆಯುವ ಲಿಮಿಟ್ ಸ್ವಿಚ್ ಪದೇ ಪದೇ ಉರಿ ಕಡಿಯುತ್ತದೆ, ಕಾರ್ಬನ್ ಮಾನಾಕ್ಸೈಡ್ ಏರಬಹುದು. ಕಡಿಮೆಯಾದರೂ ಉಳಿತಾಯ ಎಂದುಕೊಳ್ಳಬೇಡಿ. ಶೇ 80 ದಕ್ಷತೆಯ ಫರ್ನೇಸುಗಳಲ್ಲಿ ಹೊಗೆಯ ತೇವ ಒಳಗೇ ನೀರಾಗಿ ಲೋಹವನ್ನು ತಿನ್ನುತ್ತದೆ.

ಪ್ರಶ್ನೆ: ನಮ್ಮದು ಹಿತ್ತಲ ಟ್ಯಾಂಕಿನ ಪ್ರೊಪೇನ್, ಮೀಟರೇ ಇಲ್ಲ.

ಉತ್ತರ: ಹಾಗಾದರೆ ಮುಳ್ಳಿನ ಲೆಕ್ಕ ಆಗದು. ಬರ್ನರ್ ಕಡೆಯ ಒತ್ತಡ (ಸಾಮಾನ್ಯವಾಗಿ 10 ಇಂಚು) ಮತ್ತು ಆರಿಫೈಸ್ ಮೇಲಿನ ಸಂಖ್ಯೆ ತಯಾರಕರ ಕೋಷ್ಟಕಕ್ಕೆ ಹೊಂದುತ್ತವೆಯೇ ಎಂದು ಟೆಕ್ನಿಷಿಯನ್ ನೋಡುತ್ತಾರೆ. ಪ್ರೊಪೇನ್ ಘನ ಅಡಿಗೆ ಸುಮಾರು 2,500 ಬಿಟಿಯು ಕೊಡುತ್ತದೆ. ನ್ಯಾಚುರಲ್ ಗ್ಯಾಸಿನ ಆರಿಫೈಸ್ ಹಾಗೆಯೇ ಉಳಿದಿದ್ದರೆ ಉರಿ ಮಿತಿಮೀರಿ ಅಪಾಯಕಾರಿಯಾಗುತ್ತದೆ, ಆ ಫರ್ನೇಸನ್ನು ಹಚ್ಚಲೇಬೇಡಿ.