ಎರೋಸ್ ಲೇಖನ ಯಾಕೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ,

ಎರೋಸ್ ಎಂಬ ಕ್ಷುದ್ರಗ್ರಹದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಸರಕು ಚೆನ್ನಾಗಿದೆ.

ಮೊದಲ ಮೂರು ಪ್ಯಾರಾ ತೆಗೆಯಿರಿ. ‘ಅನಂತ ವಿಶ್ವದ ಅಗಮ್ಯ ರಹಸ್ಯ’ದಿಂದ ಶುರುವಾಗುವ ಬರಹಗಳು ನಮಗೆ ಬೇಕಾದಷ್ಟು ಬರುತ್ತವೆ. ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ನಾಲ್ಕನೇ ಪ್ಯಾರಾದಲ್ಲಿ. 1898ರ ಆಗಸ್ಟ್ 13ರ ರಾತ್ರಿ ಬರ್ಲಿನ್‌ನಲ್ಲಿ ಖಗೋಳಜ್ಞ ಗುಸ್ತಾವ್ ವಿಟ್ ತೆಗೆದ ಫೋಟೋದಲ್ಲಿ, ನಕ್ಷತ್ರಗಳ ನಡುವೆ ಒಂದು ಪುಟ್ಟ ಗೆರೆ. ಅದೇ ಎರೋಸ್. ಅಲ್ಲಿಂದಲೇ ಹೊರಡಿ.

ಆಮೇಲೆ ಅಂಕಿಗಳು. 34 ಕಿ.ಮೀ. ಉದ್ದ, 11 ಕಿ.ಮೀ. ದಪ್ಪ, 5 ಗಂಟೆ 16 ನಿಮಿಷಕ್ಕೊಂದು ಸುತ್ತು, ಸಾಂದ್ರತೆ ನೀರಿನ 2.67 ಪಟ್ಟು. ಎಲ್ಲ ಸರಿ, ಆದರೆ ದಿನಸಿ ಚೀಟಿ ಓದಿದ ಹಾಗಿದೆ. ಇವು ಹೇಗೆ ಗೊತ್ತಾದವು ಅಂತ ಹೇಳಿ. 20ನೇ ಶತಮಾನ ಶುರುವಾಗುತ್ತಿದ್ದಂತೆಯೇ ಎರೋಸ್‌ನ ಬೆಳಕು ಕೆಲವೇ ಗಂಟೆಗಳಲ್ಲಿ ಹೆಚ್ಚು ಕಡಿಮೆ ಆಗುವುದು ಕಣ್ಣಿಗೆ ಬಿತ್ತು. ಉದ್ದನೆಯ ಮೈ ನಮ್ಮ ಕಡೆ ತಿರುಗಿದಾಗ ಬೆಳಕು ಜಾಸ್ತಿ, ತುದಿ ತಿರುಗಿದಾಗ ಕಡಿಮೆ. ದುರ್ಬೀನಿನಲ್ಲಿ ಬರೀ ಚುಕ್ಕೆಯಾಗಿ ಕಾಣುವ ಕಲ್ಲು ಉದ್ದಕ್ಕಿದೆ ಅಂತ ತಿಳಿದದ್ದು ಹಾಗೆ. ಸಾಂದ್ರತೆ ಖಚಿತವಾಗಿ ಸಿಕ್ಕಿದ್ದು ಬಹಳ ಆಮೇಲೆ, ನಾಸಾದ ನಿಯರ್ ಶೂಮೇಕರ್ ನೌಕೆ ಅದರ ಸುತ್ತ ತಿರುಗಿದ ಮೇಲೆ. ಅದು ಹೆಚ್ಚೂಕಡಿಮೆ ನಮ್ಮ ನೆಲದ ಕಲ್ಲಿನಷ್ಟೇ. ಅಂದರೆ ಎರೋಸ್ ಸಡಿಲವಾದ ಜಲ್ಲಿಯ ಗುಡ್ಡೆಯಲ್ಲ, ಬಹುಪಾಲು ಗಟ್ಟಿ ಬಂಡೆ.

ಕಕ್ಷೆಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ. ನನ್ನ ಮುಖ್ಯ ತಕರಾರು ಇದೇ, ಯಾಕಂದ್ರೆ ಕತೆ ಇರುವುದೇ ಅಲ್ಲಿ. ಆಗ ಗೊತ್ತಿದ್ದ ಕ್ಷುದ್ರಗ್ರಹಗಳು ಹೆಚ್ಚುಪಾಲು ಮಂಗಳದಿಂದ ಆಚೆ ತಿರುಗುತ್ತಿದ್ದವು. ಇದು ಮಂಗಳವನ್ನು ದಾಟಿ ನಮ್ಮ ಕಡೆ ಬರುತ್ತಿತ್ತು. 1931ರ ಜನವರಿಯಲ್ಲಿ ಸುಮಾರು 2.6 ಕೋಟಿ ಕಿ.ಮೀ. ಹತ್ತಿರ ಬಂತು. ಹಲವು ದೇಶಗಳ ವೀಕ್ಷಣಾಲಯಗಳು ಫೋಟೋ ತೆಗೆದವು. ಭೂಮಿಯ ಎರಡು ದೂರದ ಜಾಗಗಳಿಂದ ನೋಡಿದರೆ ಹತ್ತಿರದ ಚುಕ್ಕೆ ಹಿಂದಿನ ನಕ್ಷತ್ರಗಳ ಎದುರು ಕೊಂಚ ಸರಿದು ಕಾಣುತ್ತದೆ. ಸರಿದದ್ದು ಎಷ್ಟು ಅಂತ ಅಳೆದರೆ ಅದರ ದೂರ ಸಿಗುತ್ತದೆ. ಗ್ರಹಗಳ ದೂರಗಳ ಅನುಪಾತ ಕೆಪ್ಲರ್ ಕಾಲದಿಂದಲೂ ಗೊತ್ತಿತ್ತು. ಹಾಗಾಗಿ ಒಂದು ದೂರ ಕಿಲೋಮೀಟರಿನಲ್ಲಿ ಸಿಕ್ಕರೆ ಸೂರ್ಯನ ದೂರವೂ ಸಿಕ್ಕಂತೆ. ಬ್ರಿಟಿಷ್ ಖಗೋಳಜ್ಞ ಹೆರಾಲ್ಡ್ ಸ್ಪೆನ್ಸರ್ ಜೋನ್ಸ್ ಈ ಲೆಕ್ಕ ಮುಗಿಸಲು ಸುಮಾರು ಹತ್ತು ವರ್ಷ ಬೇಕಾಯಿತು. ಇದನ್ನು ಬಿಟ್ಟು ‘ಎರೋಸ್ 643 ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ’ ಅಂತ ಸುಮ್ನೆ ಬರೆದರೆ ಹೇಗೆ ಹೇಳಿ?

‘ಭೂಮಿಗೆ ಅಪ್ಪಳಿಸಲಿದೆಯೇ?’ ಎಂಬ ಉಪಶೀರ್ಷಿಕೆ ಬೇಡವೇ ಬೇಡ. ನಾವು ಸೂರ್ಯನಿಂದ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿದ್ದೇವೆ. ಎರೋಸ್ ಸೂರ್ಯನಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 17 ಕೋಟಿ ಕಿ.ಮೀ. ಆಚೆ ಇರುತ್ತದೆ. ಈಗಿನ ಹಾದಿಯಲ್ಲಿ ಅದು ನಮ್ಮ ಕಕ್ಷೆಯನ್ನು ದಾಟುವುದೇ ಇಲ್ಲ. ಓದುಗರನ್ನು ಹೆದರಿಸಿ ಓದಿಸಬೇಕಾ?

ಹೆಸರಿನ ಭಾಗ ಬೆಳೆಸಿ. ಗ್ರೀಕರ ಪ್ರೇಮದೇವ ಅಂತ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿಯವರೆಗೆ ಕ್ಷುದ್ರಗ್ರಹಗಳಿಗೆ ಹೆಣ್ಣು ಹೆಸರಿಡುವುದು ರೂಢಿ. ಹಾದಿ ಬೇರೆಯಾದ ಇದಕ್ಕೆ ಗಂಡು ಹೆಸರು ಬಂತು. ಇದರ ಮೇಲಿನ ಕುಳಿಗಳಿಗೂ ಪ್ರೇಮಿಗಳ ಹೆಸರೇ: ಲೈಲಾ, ಮಜ್ನೂ, ನಮ್ಮ ಶಾಹಜಹಾನ್, ಮುಮ್ತಾಜ್ ಮಹಲ್ ಕೂಡ. ನೌಕೆ ಕಕ್ಷೆ ಸೇರಿದ ದಿನ 2000ದ ಫೆಬ್ರವರಿ 14. ಇದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?

ನೌಕೆ ಇಳಿದ ಭಾಗವನ್ನು ಮುಟ್ಟಬೇಡಿ, ಚೆನ್ನಾಗಿ ಬಂದಿದೆ. ಇಳಿಯಲೆಂದು ಕಟ್ಟಿರದ ನೌಕೆ 2001ರ ಫೆಬ್ರವರಿ 12ರಂದು ನೆಲ ಮುಟ್ಟಿ, ಆಮೇಲೂ ಎರಡು ವಾರ ಮಾಹಿತಿ ಕಳಿಸಿತು ಅಂತ ನೀವು ಹೇಳಿದ ರೀತಿ ನನಗೆ ಇಷ್ಟವಾಯಿತು.

ತಿದ್ದಿ ಕಳಿಸಿ, 800 ಪದ ಸಾಕು. ಫೋಟೋಗಳ ಕೆಳಗೆ ನಾಸಾ ಹೆಸರು ಹಾಕುವುದನ್ನು ಮರೆಯಬೇಡಿ.